ಪ್ರಸ್ತಾರ ಹಾಕಿದರೆ ಕಾಣುವುದು: ‘ನನ್ನ ಜನಗಳು’ ಕವಿತೆಯ ಲಯ, ಪ್ರಾಸ, ಪುನರುಕ್ತಿ

1

ದಲಿತ ಕಾವ್ಯದ ಬಗ್ಗೆ ಕನ್ನಡ ವಿಮರ್ಶೆ ಎರಡು ಬಗೆಯಲ್ಲಿ ಮಾತಾಡುತ್ತ ಬಂದಿದೆ. ಒಂದು, ಅದು ಬರೀ ಘೋಷಣೆ, ಕೂಗು, ಕಾವ್ಯವಲ್ಲ ಅನ್ನುವುದು. ಇನ್ನೊಂದು, ಅದರ ನೋವು ದೊಡ್ಡದು, ಆಕ್ರೋಶ ಅಪ್ಪಟವಾದದ್ದು, ಹಾಗಾಗಿ ಅದನ್ನು ಕಾವ್ಯದ ಅಳತೆಗೋಲಿನಿಂದ ಅಳೆಯಬಾರದು ಅನ್ನುವುದು. ಮೊದಲನೆಯವರು ವಿರೋಧಿಗಳು, ಎರಡನೆಯವರು ಗೆಳೆಯರು. ಆದರೆ ಇಬ್ಬರೂ ಒಳಗೊಳಗೇ ಒಪ್ಪಿಕೊಂಡ ಮಾತೊಂದಿದೆ: ಈ ಕಾವ್ಯಕ್ಕೆ ಹೇಳುವುದಕ್ಕೆ ವಿಷಯ ಇದೆ, ನೋಡುವುದಕ್ಕೆ ರೂಪ ಇಲ್ಲ. ಬೈಯುವವರಿಗೂ ಹೊಗಳುವವರಿಗೂ ಕವಿತೆಯ ಮಾತ್ರೆ ಎಣಿಸುವ ಅಗತ್ಯ ಬೀಳಲಿಲ್ಲ.

ಇದು ಬರೀ ವಿಮರ್ಶಕರ ಜಗಳವಲ್ಲ. ತರಗತಿಯಲ್ಲಿ ಏನಾಗುತ್ತದೆ ನೋಡಿ. ಛಂದಸ್ಸಿನ ಪಾಠಕ್ಕೆ ಕಂದ, ವೃತ್ತ, ಷಟ್ಪದಿ ಬರುತ್ತವೆ. ‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ’ ಅನ್ನುವ ಪ್ರಶ್ನೆ ಅವಕ್ಕೇ ಮೀಸಲು. ದಲಿತ ಕವಿತೆ ಬಂದಾಗ ಪ್ರಶ್ನೆಯ ಧಾಟಿಯೇ ಬೇರೆ: ‘ಕವಿತೆಯ ಆಶಯವನ್ನು ವಿವರಿಸಿ’. ಒಂದು ಬಗೆಯ ಕವಿತೆಗೆ ಬುದ್ಧಿ, ಇನ್ನೊಂದು ಬಗೆಯದಕ್ಕೆ ಕನಿಕರ. ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯ ವಂಡ್ಸೆ ಸುತ್ತಿನ ಮಕ್ಕಳಿಗೆ ಪಾಠ ಹೇಳುವಾಗ ಒಬ್ಬ ಹುಡುಗ ಕೇಳಿದ: “ಸಾರ್, ಇದ್ ಹಾಡಲ್ದಾ? ಹಾಡಿಗೆ ಎಂತಕೆ ಪ್ರಸ್ತಾರ?” ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಪ್ರಸ್ತಾರ ಅಂದರೆ ಪುಸ್ತಕದ ಪದ್ಯಕ್ಕೆ ಹಾಕುವುದು, ನಮ್ಮ ಹಾಡಿಗಲ್ಲ ಅಂತ ಅವನಿಗೆ ನಾವೇ ಕಲಿಸಿದ್ದೇವೆ. ಈ ಲೇಖನ ಅವನಿಗೆ ಕೊಟ್ಟ ಉತ್ತರದ ವಿಸ್ತಾರ.

ಕವಿತೆ ಸಿದ್ಧಲಿಂಗಯ್ಯನವರ ‘ನನ್ನ ಜನಗಳು’. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಈ ಕವಿಯ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದು ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಮಾತಿಗೆ ಗಲಭೆಯೆದ್ದ 1973ರಿಂದ ಎರಡೇ ವರ್ಷ. ಆ ಹಾಡು ಸಭೆ, ಮೆರವಣಿಗೆಗಳಲ್ಲಿ ಹಾಡಿ ಹಾಡಿ ಎಲ್ಲರ ಬಾಯಲ್ಲೂ ಇದೆ. ಅದಕ್ಕೇ ಸಾಲುಗಳನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಓದುಗರು ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಸಾಧ್ಯವಾದರೆ ಗಟ್ಟಿಯಾಗಿ ಓದಿಕೊಂಡು, ಲೆಕ್ಕ ಸರಿಯೋ ತಪ್ಪೋ ನೋಡಬೇಕು.

2

ಮೊದಲು ಸಲಕರಣೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ ಸ್ವರ ಇದ್ದರೆ, ಅಥವಾ ಮುಂದೆ ಒತ್ತಕ್ಷರ ಬಂದರೆ, ಗುರು, ಎರಡು ಮಾತ್ರೆ. ಮಾತ್ರೆಗಳನ್ನು ಮೂರು, ನಾಲ್ಕು, ಐದರಂತೆ ಗುಂಪು ಮಾಡಿದರೆ ಗಣ. ಇಷ್ಟು ಸಾಕು.

ಕವಿತೆಯ ಮೊದಲ ನುಡಿಯನ್ನು ತೆಗೆದುಕೊಳ್ಳಿ. ಅಚ್ಚಿನಲ್ಲಿ ಸಾಲು ಹೇಗೇ ಮುರಿದಿರಲಿ, ಬಾಯಲ್ಲಿ ಅದು ಮೂರು ತುಂಡು. ಮೊದಲ ತುಂಡು ಆರು ಮಾತ್ರೆ, ಐದು ಮಾತ್ರೆ. ಎರಡನೆಯದೂ ಹಾಗೇ, ಆರು, ಐದು. ಮೂರನೆಯದು ಉದ್ದ: ಆರು, ಆರು, ಆಮೇಲೆ ಪಲ್ಲವಿಯ ಐದು. ಶೀರ್ಷಿಕೆಯಲ್ಲಿರುವ ‘ನನ್ನ’ ಮತ್ತು ‘ಜನ’ ಇವೇ ಪಲ್ಲವಿಯ ಎರಡು ಪದಗಳು. ಒಟ್ಟು ಲೆಕ್ಕ 11, 11, 17.

ಈಗ ಹಾಡಿ ನೋಡಿ. ಪ್ರತಿ ತುಂಡಿನ ಕೊನೆಗೂ ನಾಲಿಗೆ ಒಂದು ಮಾತ್ರೆಯಷ್ಟು ನಿಲ್ಲುತ್ತದೆ. ಆ ನಿಲುಗಡೆಯನ್ನು ಸೇರಿಸಿದರೆ 12, 12, 18. ನಡೆ ಮೂರು ಮೂರು ಮಾತ್ರೆಯದು: ನಾಲ್ಕು ಗಣ, ನಾಲ್ಕು ಗಣ, ಆರು ಗಣ. ಛಂದಸ್ಸು ಓದಿದವರಿಗೆ ಈ ಲೆಕ್ಕ ಎಲ್ಲೋ ಕೇಳಿದ ಹಾಗಿರುತ್ತದೆ. ಇದು ಭೋಗ ಷಟ್ಪದಿಯ ಅರ್ಧದ ಆಕಾರ. ಭೋಗದಲ್ಲಿ ಮೊದಲೆರಡು ಸಾಲಿಗೆ ಮೂರು ಮಾತ್ರೆಯ ನಾಲ್ಕು ನಾಲ್ಕು ಗಣ, ಮೂರನೆಯ ಸಾಲಿಗೆ ಆರು ಗಣ ಮತ್ತು ಕೊನೆಗೊಂದು ಗುರು. ಮುಪ್ಪಿನ ಷಡಕ್ಷರಿಯ ‘ತಿರುಕನ ಕನಸು’ ಈ ಧಾಟಿಯದು. ಭಿಕ್ಷುಕನೊಬ್ಬ ರಾಜನಾದಂತೆ ಕನಸು ಕಂಡು ಎಚ್ಚರಾಗುವ ಆ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ತಲೆಮಾರುಗಳಿವೆ.

ಹಾಗಾದರೆ ದಲಿತ ಕವಿ ಹಳೆಯ ಷಟ್ಪದಿಯನ್ನೇ ಬರೆದರು, ಪರಂಪರೆಯೊಳಗೇ ಇದ್ದಾರೆ ಅಂತ ಪಂಡಿತರು ಸಮಾಧಾನ ಪಟ್ಟುಕೊಳ್ಳಬಹುದು. ಅಷ್ಟು ಬೇಗ ಬೇಡ. ಕವಿತೆಯ ಜೀವ ಇರುವುದು ಈ ಲೆಕ್ಕ ಎಲ್ಲಿ ಕೂರುತ್ತದೆ ಅನ್ನುವುದರಲ್ಲಲ್ಲ, ಎಲ್ಲಿ ಮುರಿಯುತ್ತದೆ ಅನ್ನುವುದರಲ್ಲಿ.

3

ಮುರಿಯುವ ಜಾಗ ಯಾವುದು? ಮೊದಲೆರಡು ತುಂಡುಗಳ ಕೊನೆಯ ಪದ. ಎರಡೂ ಕೆಲಸದಿಂದ, ಪಾಡಿನಿಂದ ಜನರನ್ನು ಹೆಸರಿಸುವ ಪದಗಳು. ಬರಹದ ಕನ್ನಡದಲ್ಲಿ ಇವು ‘ಅವರು’ ಎಂದು ಮುಗಿಯುತ್ತವೆ, ಆಡುಮಾತಿನಲ್ಲಿ ‘ಓರು’ ಎಂದು. ಕವಿ ‘ಓರು’ ಬಳಸುತ್ತಾರೆ. ಕವಿತೆಯ ಪದ ಬಿಟ್ಟು ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ: ನೆಟ್ಟವರು, ನೆಟ್ಟೋರು.

‘ನೆಟ್ಟವರು’ ಅಂದರೆ ಗುರು, ಲಘು, ಲಘು, ಲಘು. ಒಟ್ಟು ಐದು. ‘ನೆಟ್ಟೋರು’ ಅಂದರೆ ಗುರು, ಗುರು, ಲಘು. ಒಟ್ಟು ಐದೇ. ‘ಅವ’ ಎಂಬ ಎರಡು ಲಘು ಸೇರಿ ‘ಓ’ ಎಂಬ ಒಂದು ಗುರು ಆಗಿದೆ. ಒಂದು ಮಾತ್ರೆಯೂ ನಷ್ಟವಿಲ್ಲ. ದಲಿತ ಕವಿಗಳು ಅಶುದ್ಧ ಭಾಷೆ ಬರೆದು ಕಾವ್ಯ ಕೆಡಿಸಿದರು ಅಂತ ಹೇಳುತ್ತಿದ್ದವರು ಈ ಲೆಕ್ಕವನ್ನಾದರೂ ಮಾಡಬಹುದಿತ್ತು.

ಮಾತ್ರೆ ಒಂದೇ ಆದರೆ ವ್ಯತ್ಯಾಸ ಎಲ್ಲಿ? ಗಣ ವಿಂಗಡಣೆಯಲ್ಲಿ. ‘ನೆಟ್ಟವರು’ ಮೂರರ ನಡೆಗೆ ಸಲೀಸಾಗಿ ಒಡೆಯುತ್ತದೆ: ನೆಟ್ಟ, ವರು, ಮೂರು, ಎರಡು. ‘ನೆಟ್ಟೋರು’ ಒಡೆಯುವುದಿಲ್ಲ. ಮೂರನೆಯ ಮಾತ್ರೆ ‘ಓ’ಕಾರದ ಹೊಟ್ಟೆಯೊಳಗೆ ಬೀಳುತ್ತದೆ. ಅಲ್ಲಿ ಕತ್ತರಿಸಿದರೆ ಸ್ವರವೇ ತುಂಡಾಗುತ್ತದೆ. ಅಂದರೆ, ಪಂಡಿತರು ‘ತಿದ್ದಿ’ ಶುದ್ಧ ರೂಪ ಹಾಕಿದರೆ ಛಂದಸ್ಸು ಸರಿಯಾಗುತ್ತದೆ, ಕವಿತೆ ಕೆಡುತ್ತದೆ. ಶುದ್ಧ ರೂಪದಲ್ಲಿ ಸಾಲು ಜಾರಿಕೊಂಡು ಹೋಗಿಬಿಡುತ್ತದೆ. ಆಡುಮಾತಿನ ರೂಪದಲ್ಲಿ ನಡಿಗೆ ಒಂದು ಕಲ್ಲಿಗೆ ಎಡವುತ್ತದೆ, ದನಿ ಅಲ್ಲಿ ನಿಂತು ಒತ್ತು ಕೊಡಬೇಕಾಗುತ್ತದೆ. ಆ ಎಡವು ಬೀಳುವುದು ಮತ್ತೆಲ್ಲೂ ಅಲ್ಲ, ಜನರನ್ನು ಹೆಸರಿಸುವ ಪದದ ಮೇಲೇ.

ಇನ್ನೂ ಮುಂದೆ ನೋಡಿ. ಮೊದಲ ತುಂಡಿನಲ್ಲಿ ಎಡವು, ಎರಡನೆಯದರಲ್ಲಿ ಎಡವು. ಮೂರನೆಯ ತುಂಡಿನ ‘ಓರು’ ಪದ ಮಾತ್ರ ಬೇರೆ: ಅದು ಐದಲ್ಲ, ಆರು ಮಾತ್ರೆ, ಮೂರು ಲಘು, ಆಮೇಲೆ ಗುರು, ಲಘು. ಮೂರು ಮೂರಾಗಿ ಸರಿಯಾಗಿ ಒಡೆಯುತ್ತದೆ. ಹಾಗಾಗಿ ಅಲ್ಲಿ ನಿಲ್ಲದೆ ದನಿ ನೇರ ಪಲ್ಲವಿಗೆ ಓಡುತ್ತದೆ. ಪಲ್ಲವಿಯೂ ಮೂರು, ಎರಡಾಗಿ ತಕ್ಕಂತೆ ಕೂರುತ್ತದೆ. ಎರಡು ಸಲ ಎಡವಿ, ಮೂರನೆಯ ಸಲ ಹೆಜ್ಜೆ ಕೂಡಿಸಿಕೊಂಡು ಮನೆ ಮುಟ್ಟಿದ ಹಾಗೆ. ಲಯ ನೆಮ್ಮದಿಗೆ ಬರುವುದು ‘ನನ್ನ’ ಅನ್ನುವ ಮಾತಿನಲ್ಲಿ.

ಮುಂದಿನ ನುಡಿಗಳಲ್ಲಿ ಆರರ ಜಾಗಕ್ಕೆ ಐದು ಮಾತ್ರೆಯ ಪದಗಳೂ ಬರುತ್ತವೆ. ನಡೆ ಮೂರರಿಂದ ಐದಕ್ಕೆ ಹೊರಳುತ್ತದೆ, ಮತ್ತೆ ಬದಲಾಗುತ್ತದೆ. ಇದನ್ನು ಛಂದೋಭಂಗ ಅನ್ನುವುದು ಸುಲಭ. ಆದರೆ ಎಲ್ಲ ಅಳತೆಯೂ ಅಲುಗಾಡುವಾಗ ಒಂದು ಅಳತೆ ಮಾತ್ರ ಅಲುಗಾಡುವುದಿಲ್ಲ: ಪಲ್ಲವಿಯ ಐದು ಮಾತ್ರೆ. ಬದುಕು ಹೇಗೆ ಹೇಗೋ ಹೋಗಲಿ, ಕೊನೆಗೆ ಬಂದು ನಿಲ್ಲುವ ಜಾಗ ಒಂದೇ.

4

ಇನ್ನು ಪ್ರಾಸ. ಹಳಗನ್ನಡ, ನಡುಗನ್ನಡಗಳ ಪದ್ಯಕ್ಕೆ ಆದಿಪ್ರಾಸ ಕಡ್ಡಾಯವಾಗಿತ್ತು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕು. ಈ ಕಟ್ಟನ್ನು ಬಿಚ್ಚಿದವರು ನಮ್ಮ ಕರಾವಳಿಯ ತೆಂಕಣ ತುದಿಯ ಮಂಜೇಶ್ವರದ ಗೋವಿಂದ ಪೈಗಳು, 1911ರಲ್ಲಿ. ಪ್ರಾಸ ಬಿಟ್ಟು ಅವರು ಬರೆದ ಆರಂಭದ ಕವಿತೆಗಳಲ್ಲಿ ಒಂದರ ಹೆಸರು ‘ಹೊಲೆಯನು ಯಾರು?’. ಕನ್ನಡ ಛಂದಸ್ಸಿನ ಚರಿತ್ರೆ ಬರೆಯುವವರು ಪ್ರಾಸತ್ಯಾಗದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ತ್ಯಾಗ ನಡೆದದ್ದು ಈ ಪ್ರಶ್ನೆಯ ಪಕ್ಕದಲ್ಲಿ ಅನ್ನುವುದನ್ನು ಯಾರೂ ಅಷ್ಟಾಗಿ ದಿಟ್ಟಿಸಿ ನೋಡಿದಂತಿಲ್ಲ. ಹೊಲೆಯ ಯಾರು ಅಂತ ಮೇಲುಜಾತಿಯ ಕವಿ ಕೇಳುವಾಗ ಪ್ರಾಸ ಕಳಚಿತು.

ಆಮೇಲೆ ನವ್ಯ. ಮೊಗೇರಿಯ ಗೋಪಾಲಕೃಷ್ಣ ಅಡಿಗರು ನಮ್ಮ ಸೀಮೆಯವರೇ. ನವೋದಯದ ಒಂದೇ ಸಮನಾದ ಮಾತ್ರಾಲಯವನ್ನು ಒಡೆದು ಆಡುಮಾತಿನ ಏರಿಳಿತಕ್ಕೆ ಬಗ್ಗಿಸಿದರು. 1954ರ ಸಂಕಲನಕ್ಕೆ ಅವರು ಇಟ್ಟ ಹೆಸರು ‘ಚಂಡೆಮದ್ದಳೆ’. ಯಕ್ಷಗಾನದ ಪೆಟ್ಟನ್ನು ತಂದು ಇಂಪಿನ ಹಾಡಿನ ನಿದ್ದೆ ಕೆಡಿಸಿದ್ದು ದೊಡ್ಡ ಕೆಲಸ. ಆದರೆ ನವ್ಯ ಒಂಟಿ ಓದುಗನ ಕಾವ್ಯವಾಯಿತು. ಪ್ರಾಸ ಅಂದರೆ ಹಳೆಯ ಕಾಲದವರ ಚಟ, ಹಾಡು ಅಂದರೆ ಭಾವಗೀತೆಯವರ ಗೋಳು ಅನ್ನುವ ಧೋರಣೆ ಬೆಳೆಯಿತು.

ಸಿದ್ಧಲಿಂಗಯ್ಯ ಪ್ರಾಸವನ್ನು ವಾಪಸು ತಂದರು. ಆದರೆ ಹಳೆಯ ಜಾಗಕ್ಕಲ್ಲ. ಮೊದಲ ನುಡಿಯ ಮೊದಲೆರಡು ‘ಓರು’ ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಎರಡನೆಯ ಅಕ್ಷರ ಒಂದೇ ತಕಾರದ ಒತ್ತು. ಅಂದರೆ ಪಂಡಿತರು ಸಾಲಿನ ತಲೆಗೆ ಕಟ್ಟುತ್ತಿದ್ದ ದ್ವಿತೀಯಾಕ್ಷರ ಪ್ರಾಸ ಇಲ್ಲಿ ಸಾಲಿನ ಕಾಲಿಗೆ ಬಂದು ಕೂತಿದೆ. ತಲೆಯ ಪ್ರಾಸ ಕಣ್ಣಿಗೆ, ಕಾಲಿನ ಪ್ರಾಸ ಕಿವಿಗೆ. ಪುಸ್ತಕ ಕೈಯಲ್ಲಿ ಇಲ್ಲದವರಿಗೂ ಮುಂದಿನ ಸಾಲು ನೆನಪಾಗುವುದು ಕಾಲಿನ ಪ್ರಾಸದಿಂದ. ಮೂರನೆಯ ತುಂಡಿನಲ್ಲಿ ಆ ಪ್ರಾಸ ಇಲ್ಲ, ಬದಲಿಗೆ ಎರಡು ಪದಗಳು ಒಂದೇ ಧ್ವನಿಯಿಂದ ಶುರುವಾಗುತ್ತವೆ. ಎರಡು ಸಲ ಒಂದೇ ಪೆಟ್ಟು, ಮೂರನೆಯ ಸಲ ಬೇರೆ ಪೆಟ್ಟು. ಇದು ಯಾವ ಘೋಷಣೆಯಲ್ಲೂ ತಾನಾಗಿ ಹುಟ್ಟುವುದಿಲ್ಲ.

5

ಪುನರುಕ್ತಿಯ ಮೇಲಿನ ದೂರು ಹಳೆಯದು. ಹೇಳಿದ್ದನ್ನೇ ಹೇಳುವುದು ಕಾವ್ಯದೋಷ. ಆದರೆ ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ದಲ್ಲಿ ದಂಡಿ ಈ ದೋಷಕ್ಕೆ ಒಂದು ವಿನಾಯಿತಿ ಕೊಡುತ್ತಾನೆ: ಅನುಕಂಪದಂಥ ಭಾವದ ಅತಿಶಯವನ್ನು ಹೇಳಬೇಕಾದಾಗ ಪುನರುಕ್ತಿ ದೋಷವಲ್ಲ, ಅಲಂಕಾರವೇ. ದೋಷದ ಸೂತ್ರವನ್ನು ಬಾಯಿಪಾಠ ಮಾಡಿದವರು ವಿನಾಯಿತಿಯ ಸೂತ್ರವನ್ನು ದಲಿತ ಕವಿತೆಗೆ ಅನ್ವಯಿಸಲಿಲ್ಲ. ಇರಲಿ, ನಮಗೆ ದಂಡಿಯ ಶಿಫಾರಸು ಪತ್ರ ಬೇಕಿಲ್ಲ. ‘ಅನುಕಂಪ’ ಅನ್ನುವ ಪದವೂ ಇಲ್ಲಿ ಸಾಲದು. ಈ ಕವಿತೆಯ ಪುನರುಕ್ತಿ ಬೇರೆ ಕೆಲಸ ಮಾಡುತ್ತದೆ.

ವ್ಯಾಕರಣ ನೋಡಿ. ಮೊದಲ ನುಡಿಯಲ್ಲಿ ಪೂರ್ಣ ಕ್ರಿಯಾಪದವೇ ಇಲ್ಲ. ಕನ್ನಡದಲ್ಲಿ ಇದಕ್ಕೆ ಅವಕಾಶ ಇದೆ: ‘ಅವರು ನನ್ನ ಅಕ್ಕ’ ಅಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಡ. ಕವಿತೆಯಲ್ಲಿ ಮಾಡಿದ ಕೆಲಸ, ಅನುಭವಿಸಿದ ಹಿಂಸೆ, ಎಲ್ಲವೂ ನಾಮಪದವಾಗಿ, ವ್ಯಕ್ತಿಯ ಹೆಸರಾಗಿ ನಿಲ್ಲುತ್ತವೆ. ಊರು ಇವರನ್ನು ಕರೆಯುವುದು ಜಾತಿಯ ಹೆಸರಿನಿಂದ. ಕವಿತೆ ಕರೆಯುವುದು ಅವರು ಮಾಡಿದ್ದರ ಹೆಸರಿನಿಂದ. ಹೀಗೆ ಹೆಸರಿಟ್ಟ ಮೇಲೆ ಪಲ್ಲವಿ ಬಂದು ಅವರನ್ನು ಮನೆಯವರು ಅನ್ನುತ್ತದೆ.

ಒಂದು ಪರೀಕ್ಷೆ ಮಾಡಿ. ಪಲ್ಲವಿ ತೆಗೆದು ಓದಿ: ಉಳಿಯುವುದು ಕಷ್ಟಗಳ ಪಟ್ಟಿ, ಸರಕಾರಿ ವರದಿಗೆ ಲಾಯಕ್ಕು. ‘ನನ್ನ’ ಬದಲು ‘ಆ’ ಹಾಕಿ: ಐದು ಮಾತ್ರೆ ನಾಲ್ಕಾಗಿ ಲಯ ಕುಂಟುತ್ತದೆ, ಕವಿ ದೂರ ನಿಂತು ಬೆರಳು ತೋರಿಸಿದ ಹಾಗಾಗುತ್ತದೆ. ‘ನಮ್ಮ’ ಹಾಕಿ: ಮಾತ್ರೆ ಐದೇ, ಲಯ ಕೆಡುವುದಿಲ್ಲ. ಹಾಗಾದರೆ ‘ನಮ್ಮ’ ಯಾಕಿಲ್ಲ? ಛಂದಸ್ಸು ಎರಡಕ್ಕೂ ಒಪ್ಪಿದೆ, ಆರಿಸಿದ್ದು ಕವಿ. ‘ನಮ್ಮ ಜನ’ ಅಂತ ಭಾಷಣ ಮಾಡುವವರೂ ಹೇಳುತ್ತಾರೆ, ಓಟು ಕೇಳುವವರೂ ಹೇಳುತ್ತಾರೆ. ‘ನನ್ನ’ ಅನ್ನುವವನು ಒಬ್ಬನೇ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದಾನೆ. ಆ ಹಾಡನ್ನು ನೂರು ಜನ ಒಟ್ಟಿಗೆ ಹಾಡುವಾಗ ನೂರು ‘ನನ್ನ’ ಆಗುತ್ತದೆ. ‘ನಮ್ಮ’ ಅನ್ನುವುದನ್ನು ಬರೆಯದೆಯೇ ಹುಟ್ಟಿಸುವ ಉಪಾಯ ಇದು.

ಇದೇ ಪದಗಳು 1979ರ ‘ಸಾವಿರಾರು ನದಿಗಳು’ ಸಂಕಲನದ ಶೀರ್ಷಿಕೆ ಕವಿತೆಯಲ್ಲಿ ಮತ್ತೆ ಬರುತ್ತವೆ. ಅಲ್ಲಿ ಅವು ಸಾಲಿನ ಕೊನೆಗಲ್ಲ, ನಡುವಿಗೆ ಬಂದಿವೆ. ಆರಂಭದ ನಡೆ ಐದು, ಐದು, ಆರು, ನಾಲ್ಕು. ಮೊದಲೆರಡು ಗಣಗಳ ಎರಡನೆಯ ಅಕ್ಷರ ಒಂದೇ, ಕೊನೆಯ ಅಕ್ಷರವೂ ಒಂದೇ. ಹೊಸದು ಏನೆಂದರೆ ಸಾಲಿನ ಕೊನೆಯ ನಾಲ್ಕು ಮಾತ್ರೆ: ಅದು ಕ್ರಿಯಾಪದ. 1975ರಲ್ಲಿ ವಾಕ್ಯದ ಕೊನೆಗೆ ನಿಂತಿದ್ದ ಜನ ನಾಲ್ಕು ವರ್ಷದಲ್ಲಿ ವಾಕ್ಯದ ಕರ್ತೃವಾಗಿ ಚಲಿಸುತ್ತಿದ್ದಾರೆ. ದಲಿತ ಚಳವಳಿಯ ಆ ವರ್ಷಗಳ ಚರಿತ್ರೆಯನ್ನು ನಾವು ನಿರ್ಣಯಗಳಲ್ಲಿ, ಕರಪತ್ರಗಳಲ್ಲಿ ಹುಡುಕುತ್ತೇವೆ. ಅದು ಈ ಎರಡು ಕವಿತೆಗಳ ವಾಕ್ಯರಚನೆಯಲ್ಲೂ ಇದೆ.

6

ಇಲ್ಲಿ ಒಂದು ಅಪಾಯದ ಬಗ್ಗೆ ಹೇಳಬೇಕು. ದಲಿತ ಕವಿತೆಯ ಲಯವನ್ನು ಮೆಚ್ಚುವವರು ಸಾಮಾನ್ಯವಾಗಿ ಆಡುವ ಮಾತು: ‘ಅವರಿಗೆ ತಾಳ ರಕ್ತದಲ್ಲೇ ಇದೆ’. ಹೊಗಳಿಕೆಯಂತೆ ಕಾಣುವ ಈ ಮಾತಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ರಕ್ತದಲ್ಲಿದ್ದರೆ ಕಲಿಯುವ ಕಷ್ಟ ಇಲ್ಲ, ಆರಿಸುವ ಬುದ್ಧಿ ಇಲ್ಲ. ಷಟ್ಪದಿ ಬರೆದವನಿಗೆ ವ್ಯುತ್ಪತ್ತಿ, ಹೋರಾಟದ ಹಾಡು ಬರೆದವನಿಗೆ ರಕ್ತ. ಇದೆಂಥ ನ್ಯಾಯ?

ನಮ್ಮ ಕರಾವಳಿಯಲ್ಲಿ ಈ ಮಾತಿಗೆ ಇನ್ನೊಂದು ಮುಖ ಇದೆ. ಕೊರಗರು ಸರಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ, ಊರಿನ ಲೆಕ್ಕದಲ್ಲಿ ಅಸ್ಪೃಶ್ಯರು. ಅವರ ಡೋಲು ಇಲ್ಲದೆ ಊರಿನ ಎಷ್ಟೋ ಕಾರ್ಯಗಳು ನಡೆಯುತ್ತಿರಲಿಲ್ಲ. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಡೋಲು ಬಡಿಯುತ್ತ ಕೂರಬೇಕಿತ್ತು. ಅದು ಕಲೆಯಲ್ಲ, ಅಜಲು. ಮಾಡದೆ ವಿಧಿಯಿಲ್ಲದ ಬಿಟ್ಟಿ ಚಾಕರಿ. ಕರ್ನಾಟಕ ಸರಕಾರ ಅಜಲು ಪದ್ಧತಿಯನ್ನು ಕಾಯ್ದೆ ತಂದು ನಿಷೇಧಿಸಿದ್ದು 2000ದಲ್ಲಿ. ಕೂಲಿಯಿಲ್ಲದೆ ದುಡಿಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು, ಇವನ್ನೆಲ್ಲ ಕಾಯ್ದೆ ಹೆಸರು ಹಿಡಿದು ಹೇಳಬೇಕಾಯಿತು. ಹಾಗಿರುವಾಗ ‘ಆಹಾ, ಡೋಲಿನ ಆದಿಮ ಲಯ’ ಅಂತ ಕಣ್ಣುಮುಚ್ಚಿ ತಲೆದೂಗುವ ವಿಮರ್ಶೆ ಯಾರ ಪರ?

ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ಸಮಸ್ಯೆಯ ಒಳಗೇ ಇದೆ. ಬೇಸಾಯ ಮಾಡುವ ಚೋಮನ ಆಸೆಗೆ ಊರಲ್ಲಿ ಜಾಗ ಇಲ್ಲ. ಅವನಿಗೆ ಉಳಿದ ಭಾಷೆ ದುಡಿ. ಕೊನೆಗೆ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಅದರ ಪೆಟ್ಟು ನಮಗೆ ಕೇಳುತ್ತದೆ, ಆದರೆ ಅದಕ್ಕೆ ಪದ ಇಲ್ಲ. ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ‘ಹೊಲೆಮಾದಿಗರ ಹಾಡು’ ಬಂದ ವರ್ಷವೇ. ಒಂದೇ ವರ್ಷದಲ್ಲಿ ಒಂದು ಕಡೆ ಪದವಿಲ್ಲದ ದುಡಿ, ಇನ್ನೊಂದು ಕಡೆ ಪದವಿರುವ ಪಲ್ಲವಿ. ಬಾರಿಸು ಅಂದಾಗ ಬಾರಿಸುವ ಲಯ ಒಂದು. ಎಲ್ಲಿ ಎಡವಬೇಕು, ಎಲ್ಲಿ ಹೆಜ್ಜೆ ಕೂಡಿಸಬೇಕು ಅಂತ ತಾನೇ ತೀರ್ಮಾನಿಸುವ ಲಯ ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ತೋರಿಸುವುದಕ್ಕೆ ನಮಗೆ ಪ್ರಸ್ತಾರ ಬೇಕು. ಲಘು ಗುರು ಹಾಕಿದಾಗ ಕಾಣುವುದು ರಕ್ತವಲ್ಲ, ತೀರ್ಮಾನ.

ಕವಿ ಮಾತ್ರೆ ಎಣಿಸಿಕೊಂಡೇ ಬರೆದರೇ ಅಂತ ಕೇಳುವವರಿದ್ದಾರೆ. ಕುಮಾರವ್ಯಾಸನನ್ನು ಹಾಗೆ ಯಾರೂ ಕೇಳುವುದಿಲ್ಲ. ಕಿವಿ ತೀರ್ಮಾನಿಸಿದ್ದೂ ತೀರ್ಮಾನವೇ, ಕಿವಿಯೂ ಕಲಿತದ್ದೇ.

7

ಕೊನೆಯದಾಗಿ ತರಗತಿಯ ಕೆಲಸದ ಬಗ್ಗೆ. ಕುಂದಾಪ್ರ ಕನ್ನಡ ಸ್ವರಗಳನ್ನು ನುಂಗುವ ಕನ್ನಡ. ‘ಬರಬೇಕು’ ಐದು ಮಾತ್ರೆ; ನಮ್ಮಲ್ಲಿ ಅದು ‘ಬರ್ಕ್’, ಎರಡೇ ಮಾತ್ರೆ. ವಂಡ್ಸೆಯ ಹುಡುಗರು ಈ ಕವಿತೆಯನ್ನು ಹಾಡುವಾಗ ‘ಓರು’ ಪದದ ಕೊನೆಯ ಉಕಾರ ಬಿದ್ದುಹೋಗುತ್ತದೆ. ‘ನೆಟ್ಟೋರು’ ‘ನೆಟ್ಟೋರ್’ ಆಗುತ್ತದೆ: ಎರಡು ಗುರು, ನಾಲ್ಕು ಮಾತ್ರೆ. ಆಗ ತುಂಡಿನ ಕೊನೆಗೆ ಒಂದರ ಬದಲು ಎರಡು ಮಾತ್ರೆ ಖಾಲಿ. ಆ ಖಾಲಿಯನ್ನು ಅವರು ಬೆಂಚು ಬಡಿದು ತುಂಬುತ್ತಾರೆ. ಮಾಗಡಿ ಸೀಮೆಯ ಕವಿತೆ ಇಲ್ಲಿ ಹೀಗೆ ಹೊಸ ಲಯ ಪಡೆಯುತ್ತದೆ. ಇದು ತಪ್ಪು ಉಚ್ಚಾರ ಅಂತ ತಿದ್ದುವ ಮೊದಲು ಅದನ್ನೂ ಪ್ರಸ್ತಾರ ಹಾಕಿ ನೋಡಬೇಕು.

ಹಾಗೆ ನೋಡುವ ಕ್ರಮ ಕಷ್ಟದ್ದೇನಲ್ಲ. ಒಂದು, ಕವಿತೆಯನ್ನು ಕಣ್ಣಿನಿಂದಲ್ಲ, ಬಾಯಿಂದ ಓದಿ ಮಾತ್ರೆ ಹಾಕುವುದು. ಮೌನದ ಮಾತ್ರೆಯನ್ನೂ ಲೆಕ್ಕಕ್ಕೆ ಹಿಡಿಯುವುದು. ಎರಡು, ಆಡುಮಾತಿನ ರೂಪ ಬಂದಲ್ಲಿ ಗ್ರಂಥಸ್ಥ ರೂಪ ಹಾಕಿ ನೋಡಿ, ಏನು ಉಳಿಯಿತು, ಏನು ಹೋಯಿತು ಅಂತ ಬರೆದುಕೊಳ್ಳುವುದು. ಮೂರು, ಪದ ಮರುಕಳಿಸಿದ ಪ್ರತಿ ಸಲವೂ ಅದರ ಹಿಂದಿನ ಪದ ಯಾವುದು ಅಂತ ನೋಡುವುದು. ನಾಲ್ಕು, ಅದೇ ಅಳತೆಯ ಬೇರೆ ಪದ ಹಾಕಿ, ಕವಿ ಅದನ್ನು ಯಾಕೆ ಬಿಟ್ಟರು ಅಂತ ಕೇಳುವುದು.

ದಲಿತ ವಿಮರ್ಶೆ ಛಂದಸ್ಸನ್ನು ಪಂಡಿತರ ಸೊತ್ತು ಅಂತ ಬಿಟ್ಟುಕೊಟ್ಟಷ್ಟು ದಿನವೂ ಅದು ಅವರ ಸೊತ್ತಾಗಿಯೇ ಇರುತ್ತದೆ. ಬಾವಿ ಎಲ್ಲರದು ಅಂತ ಹೇಳಿದರೆ ಸಾಲದು, ಕೊಡ ತೆಗೆದುಕೊಂಡು ಇಳಿಯಬೇಕು.